ವಿವರಣೆಯಲ್ಲಿ ನಾನು ಅಳಿಸಿದ ಸಾಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಒಂದು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್, ಅಂದರೆ ನ್ಯಾಯಾಧೀಶರ ಪೀಠದ ಕೆಳಗೆ ಕೂತು ಕೇಸಿನ ಕಡತ, ತಾರೀಖು ನೋಡಿಕೊಳ್ಳುವವಳು. ಕೆಲಸಕ್ಕೆ ಸೇರಿ 24 ವರ್ಷ ಆಯಿತು. ಕೇಸುಗಳು ವರ್ಷಗಟ್ಟಲೆ ಎಳೆಯುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಲೇಖನಗಳು ಬರುತ್ತವೆ. ನ್ಯಾಯಾಧೀಶರ ಕೊರತೆ, ವಕೀಲರು ಕೇಳುವ ವಾಯಿದೆ, ಬಾರದ ಸಾಕ್ಷಿಗಳು, ಎಲ್ಲವನ್ನೂ ಬರೆಯುತ್ತೀರಿ. ನಾನು ತಪ್ಪದೆ ಓದುತ್ತೇನೆ. ಆದರೆ ಪೀಠದ ಕೆಳಗೆ, ಕಡತಗಳ ರಾಶಿಯ ಹಿಂದೆ ಕೂತವರ ಬಗ್ಗೆ ಓದಿದ ನೆನಪಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಎರಡು ವರ್ಷದ ಹಿಂದಿನ ಮಾತು. ಒಂದು ಜೀವನಾಂಶದ ಕೇಸು. ಮುಂದಿನ ತಾರೀಖು 17 ಅಂತ ಕೋರ್ಟ್ ಹಾಲ್‌ನಲ್ಲಿ ನಾನೇ ಹೇಳಿದ್ದೆ. ಆರ್ಡರ್ ಶೀಟ್‌ನಲ್ಲಿ ಬರೆದದ್ದು 27. ಕಂಪ್ಯೂಟರ್‌ಗೆ ಹಾಕಿದ್ದೂ 27. 17ರಂದು ಆ ಹೆಣ್ಣುಮಗಳು ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದರು. ಬಾಗಿಲಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ಅವರ ಕೇಸ್ ನಂಬರ್ ಇರಲಿಲ್ಲ. ಆದರೂ ಕರೆಯುತ್ತಾರೇನೋ ಅಂತ ಮಧ್ಯಾಹ್ನದವರೆಗೆ ಕಾದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, "ನೀವೇ ಅಲ್ವಾ ಮೇಡಂ, 17 ಅಂದಿದ್ದು?" ಎಂದು ಕೇಳಿದರು. ಜಗಳ ಮಾಡಲಿಲ್ಲ. ದನಿ ಕೂಡ ಏರಿಸಲಿಲ್ಲ. ಒಂದು ದಿನದ ಕೂಲಿ ಆಗಲೇ ಹೋಗಿತ್ತು. ಹತ್ತು ದಿನ ಬಿಟ್ಟು ಇನ್ನೊಂದು ದಿನದ್ದು ಹೋಗಬೇಕಿತ್ತು. ಕೂಸು ನಿದ್ದೆ ಬಂದು ಅವರ ಹೆಗಲ ಮೇಲೆ ತಲೆ ಇಟ್ಟಿತ್ತು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ನನಗೆ ಕಾರಣ ಕೇಳಿ ನೋಟಿಸ್ ಬಂತು. ಬರಲೇಬೇಕಿತ್ತು, ತಪ್ಪು ನನ್ನದೇ. ರಾತ್ರಿ ಕೂತು ವಿವರಣೆ ಬರೆದೆ. 'ಆ ದಿನ ಪಟ್ಟಿಯಲ್ಲಿ 112 ಕೇಸುಗಳಿದ್ದವು. ಪಕ್ಕದ ಕೋರ್ಟಿನ ಬೆಂಚ್ ಕ್ಲರ್ಕ್ ರಜೆಯಲ್ಲಿದ್ದುದರಿಂದ ಅಲ್ಲಿನ ಕಡತಗಳನ್ನೂ ನಾನೇ ನೋಡುತ್ತಿದ್ದೆ. ಕೆಲಸದ ಒತ್ತಡದಿಂದ ಈ ತಪ್ಪಾಗಿದೆ' ಅಂತ. ಮರುದಿನ ಹಿರಿಯರೊಬ್ಬರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದರು. "ಒತ್ತಡ ಅನ್ನೋ ಸಾಲು ತೆಗೀರಿ ಮೇಡಂ. ಅದಿದ್ರೆ ನನ್ನ ಕೈಲಿ ಕೆಲಸ ಆಗಲ್ಲ ಅಂತ ನೀವೇ ಬರ್ಕೊಟ್ಟ ಹಾಗಾಗುತ್ತೆ. ಕಣ್ತಪ್ಪಿನಿಂದ ಅಂತ ಹಾಕಿ, ಕ್ಷಮೆ ಕೇಳಿ. ಅಲ್ಲಿಗೆ ಮುಗೀತು." ನಾನು ಆ ಸಾಲು ಅಳಿಸಿದೆ. ಕಣ್ತಪ್ಪು ಅಂತ ಬರೆದೆ. ಎಚ್ಚರಿಕೆ ಕೊಟ್ಟು ವಿಷಯ ಮುಗಿಸಿದರು. ನನ್ನ ಮನಸ್ಸಿನಿಂದ ಮಾತ್ರ ಆ ಸಾಲು ಹೋಗಲಿಲ್ಲ.

ಕೋರ್ಟಿಗೆ ಬಂದು ಹೋಗುವವರಿಗೆ ನಮ್ಮ ಕೆಲಸ ಕಾಣುವುದು ಕೆಲವೇ ನಿಮಿಷ. ಅವರ ಕೇಸು ಕೂಗಿದಾಗ ನಾನು ಕಡತ ಎತ್ತಿ ಮೇಲೆ ಕೊಡುತ್ತೇನೆ. ವಾಪಸ್ ಬಂದಾಗ ಏನೋ ಬರೆದು ಪಕ್ಕಕ್ಕೆ ಇಡುತ್ತೇನೆ. ಇಷ್ಟೇ. ಆ ಕಡತ ಮೇಲೆ ಹೋಗುವ ಮೊದಲು ಅದರಲ್ಲಿ ಸಮನ್ಸ್ ಜಾರಿಯಾಗಿ ಬಂದಿದೆಯಾ, ವಕಾಲತ್ತು ಸೇರಿಸಿದ್ದಾರಾ, ಹಿಂದಿನ ಆದೇಶ ಪಾಲನೆ ಆಗಿದೆಯಾ ಅಂತ ನೋಡಿರಬೇಕು. ನ್ಯಾಯಾಧೀಶರು ಒಂದು ಕೇಸಿನ ಆದೇಶ ಹೇಳುತ್ತಿರುವಾಗಲೇ ಮುಂದಿನದನ್ನು ತೆಗೆದಿಟ್ಟಿರಬೇಕು. ಅದೇ ಹೊತ್ತಿಗೆ ಎಡಗಡೆಯಿಂದ ಒಬ್ಬ ವಕೀಲರು ತಾರೀಖು ಕೇಳುತ್ತಾರೆ. ಬಲಗಡೆಯಿಂದ ಇನ್ನೊಬ್ಬರು ಮೆಮೊ ಕೊಡುತ್ತಾರೆ. ಹಿಂದಿನಿಂದ ಕಕ್ಷಿದಾರರೊಬ್ಬರು, "ಮೇಡಂ, ನಮ್ಮದು ಆಯ್ತಾ?" ಅಂತ ಮೆಲ್ಲಗೆ ಕೇಳುತ್ತಾರೆ. ಪೀಠದಿಂದ "ಅದರ ಹಳೇ ಆರ್ಡರ್ ಎಲ್ಲಿದೆ?" ಅಂತ ಪ್ರಶ್ನೆ ಬರುತ್ತದೆ. ನಾಲ್ವರಿಗೂ ಆ ಕ್ಷಣದಲ್ಲೇ ಉತ್ತರ ಬೇಕು. ನಾಲ್ವರೂ ಕೇಳುವುದರಲ್ಲಿ ತಪ್ಪಿಲ್ಲ. ಹೀಗೆ ದಿನಕ್ಕೆ 80 ಸಲ, 100 ಸಲ. 17 ಯಾವಾಗ 27 ಆಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನ್ಯಾಯಾಧೀಶರು ಪೀಠ ಬಿಟ್ಟು ಎದ್ದರೆ ಕೋರ್ಟ್ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮ ಇನ್ನೊಂದು ಪಾಳಿ ಶುರುವಾಗುವುದೇ ಆಗ. ಕಾಗದದಲ್ಲಿ ಬರೆದದ್ದೆಲ್ಲ ಕಂಪ್ಯೂಟರ್‌ಗೆ ಹೋಗಬೇಕು. ಕಂಪ್ಯೂಟರ್ ಬಂದಾಗ ನಾವು ಖುಷಿಪಟ್ಟಿದ್ದೆವು, ಬರೆಯೋದು ಕಡಿಮೆ ಆಗುತ್ತೆ ಅಂತ. ಕಡಿಮೆ ಆಗಲಿಲ್ಲ, ಎರಡೂ ಉಳಿದವು. ಅದಾದ ಮೇಲೆ ನಾಳೆಯ ಪಟ್ಟಿಯ ಕಡತಗಳನ್ನು ತೆಗೆದು ಜೋಡಿಸಬೇಕು. ಒಂದು ಸಿಗದಿದ್ದರೆ ಅದು ಸಿಗುವವರೆಗೆ ಮನೆಗೆ ಹೋಗುವ ಮಾತಿಲ್ಲ. ಒಂದು ತಿಂಗಳು ನಾನು ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟು ನೋಡಿದೆ. ಯಾವ ವಾರವೂ 55 ಗಂಟೆಗಿಂತ ಕಡಿಮೆ ಇರಲಿಲ್ಲ. ಆ 55 ಎಂಬ ಸಂಖ್ಯೆ ಆಮೇಲೆ ನನಗೆ ಬೇರೆ ಕಡೆ ಎದುರಾಯಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದಯಕ್ಕೆ ರಕ್ತ ಪೂರೈಸುವ ನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿವೆ.

ಇನ್ನೊಂದು ವಿಷಯ ಹೇಳಬೇಕು. ಬರೆಯಲು ಸಂಕೋಚ ಆಗುತ್ತದೆ, ಆದರೆ ಬರೆಯದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಾನು ಕೋರ್ಟ್ ನಡೆಯುವ ಹೊತ್ತಿನಲ್ಲಿ ನೀರು ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕಾಗುತ್ತದೆ. ನ್ಯಾಯಾಧೀಶರು ಪೀಠದಲ್ಲಿರುವಾಗ ಬೆಂಚ್ ಕ್ಲರ್ಕ್ ಎದ್ದು ಹೋದರೆ ಕಲಾಪ ನಿಲ್ಲುತ್ತದೆ. ನನ್ನ ಜಾಗದಲ್ಲಿ ಐದು ನಿಮಿಷ ಕೂರಲು ಇನ್ನೊಬ್ಬರಿಲ್ಲ. ಎದ್ದು ಹೋಗಬೇಡಿ ಅಂತ ಯಾವ ನ್ಯಾಯಾಧೀಶರೂ ನನಗೆ ಹೇಳಿಲ್ಲ. ಹಾಗೆ ಹೇಳಿದ್ದಾರೆ ಅಂದರೆ ಅನ್ಯಾಯವಾಗುತ್ತದೆ. ಆದರೆ ತುಂಬಿದ ಹಾಲ್‌ನಲ್ಲಿ, ವಾದದ ನಡುವೆ, ಎಲ್ಲರೂ ನೋಡುತ್ತಿರುವಾಗ ಎದ್ದು ಹೋಗುವ ಧೈರ್ಯ ಎಷ್ಟು ಹೆಣ್ಣುಮಕ್ಕಳಿಗೆ ಇರುತ್ತದೆ? ಬೆಳಗ್ಗೆಯಿಂದ ಮಧ್ಯಾಹ್ನದ ಬಿಡುವಿನವರೆಗೆ ತಡೆದುಕೊಳ್ಳುವುದು ಅಭ್ಯಾಸವಾಗಿದೆ. ಒಂದೇ ವರ್ಷದಲ್ಲಿ ನನಗೆ ಮೂರು ಸಲ ಮೂತ್ರದ ಸೋಂಕು ಆಯಿತು. ನಮ್ಮಲ್ಲಿ ಈ ತೊಂದರೆ ಇರುವುದು ನನಗೊಬ್ಬಳಿಗೇ ಅಲ್ಲ. ಹೆಂಗಸರು ಹೆಂಗಸರ ಹತ್ತಿರ ಹೇಳಿಕೊಳ್ಳುತ್ತಾರೆ, ಅಷ್ಟೇ.

ಹೋದ ವರ್ಷ ಒಂದು ಸಂಜೆ ಕಡತಗಳ ಕಟ್ಟು ಹಿಡಿದು ಮೆಟ್ಟಿಲು ಇಳಿಯುವಾಗ ತಲೆ ಗಿರ್ ಅಂತು. ಗೋಡೆ ಹಿಡಿದು ಕೂತೆ. ಮೊದಲು ಕಡತಗಳು ಬಿದ್ದವಾ ಅಂತ ನೋಡಿದೆ, ಆಮೇಲೆ ನನ್ನನ್ನು ನೋಡಿಕೊಂಡೆ. ಆಸ್ಪತ್ರೆಯಲ್ಲಿ ಬಿಪಿ 170/110 ಇತ್ತು. ಕುತ್ತಿಗೆ ನೋವು, ಹೊಟ್ಟೆ ಉರಿ ಮೊದಲೇ ಇದ್ದವು, ಅವನ್ನು ಕಾಯಿಲೆ ಅಂತ ಎಣಿಸಿರಲೇ ಇಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗಿ, ಯಾವ ಕಡತದಲ್ಲಿ ಯಾವ ತಾರೀಖು ಬರೆದೆ ಅಂತ ಒಂದೊಂದಾಗಿ ನೆನಪಿಸಿಕೊಳ್ಳುವುದು ಎಷ್ಟೋ ತಿಂಗಳಿಂದ ನಡೆದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅಲ್ಲಿನ ಡಾಕ್ಟರ್ ಮಾತ್ರೆ ಬರೆದುಕೊಟ್ಟು ಕಳಿಸಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಕೆಲಸ? ನಡುವೆ ಎಷ್ಟು ಸಲ ಏಳ್ತೀರಿ? ಕೆಲಸ ಜಾಸ್ತಿ ಆಯ್ತು ಅಂತ ಹೇಳೋಕೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ನಾನು ಸುಮ್ಮನೆ ಕೂತೆ. ಅವರು ವಿವರಿಸಿದ್ದು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಗಾಬರಿಯಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಎದೆ ಬಡಿತ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಿ ತಪ್ಪಿಸಿಕೊಳ್ಳಬೇಕಾದಾಗ ಅದು ಒಳ್ಳೆಯದೇ. ಓಡಿದ ಮೇಲೆ ಎಲ್ಲ ಇಳಿಯುತ್ತದೆ. ನಾವು ಓಡುವುದಿಲ್ಲ. ಗಾಬರಿಯಲ್ಲೇ ಅಲ್ಲಾಡದೆ ಕೂತಿರುತ್ತೇವೆ, ಮರುದಿನ ಮತ್ತೆ ಕೂರುತ್ತೇವೆ. ಇಳಿಯಲು ಸಮಯವೇ ಸಿಗದೆ ಅದು ಅಲ್ಲೇ ನಿಂತುಬಿಡುತ್ತದೆ.

ಅವರು ನನಗೆ ಒಂದು ಪ್ರಶ್ನಾವಳಿ ಕೊಟ್ಟರು. ಕೆಲಸ ಮಾಡುವ ಸಾಮರ್ಥ್ಯದ ಸೂಚ್ಯಂಕ ಅಂತ ಅದರ ಹೆಸರು. ಫಿನ್ಲೆಂಡ್ ದೇಶದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 1980ರ ದಶಕದಲ್ಲಿ ಮಾಡಿದ್ದು. ಏಳು ವಿಷಯ, ಒಟ್ಟು 7ರಿಂದ 49 ಅಂಕ. ಮೊದಲ ಪ್ರಶ್ನೆಯೇ ನನ್ನನ್ನು ತಡೆದು ನಿಲ್ಲಿಸಿತು. ನಿಮ್ಮ ಜೀವನದಲ್ಲಿ ಅತಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕಾಲಕ್ಕೆ 10 ಅಂಕ ಎಂದಾದರೆ, ಈಗ ನಿಮಗೆ ಎಷ್ಟು ಕೊಡುತ್ತೀರಿ? ನಾನು ಸೇರಿದ ಹೊಸತರಲ್ಲಿ ಒಂದು ಕಡತ ಕೈಗೆ ಬಂದರೆ ಮುಂದಿನ ಮೂರು ತಾರೀಖು ಬಾಯಲ್ಲಿ ಹೇಳುತ್ತಿದ್ದೆ. ಯಾವ ಕೇಸಿನಲ್ಲಿ ಯಾವ ಸಾಕ್ಷಿ ಬಾಕಿ ಅಂತ ಡೈರಿ ನೋಡದೆ ಗೊತ್ತಿತ್ತು. ಆ ಹುಡುಗಿಗೆ 10. ಈಗಿನವಳಿಗೆ 5 ಹಾಕಿದೆ. ಹಾಕುವಾಗ ಅಳು ಬಂತು.

ಆರನೆಯ ವಿಷಯ ಇನ್ನೂ ಕಷ್ಟದ್ದು. ನಿಮ್ಮ ಆರೋಗ್ಯ ನೋಡಿದರೆ ಇನ್ನು ಎರಡು ವರ್ಷದ ಮೇಲೂ ಈ ಕೆಲಸ ಮಾಡಬಲ್ಲೆ ಅನಿಸುತ್ತದೆಯಾ? 'ಖಚಿತವಿಲ್ಲ' ಎಂಬುದಕ್ಕೆ ಗುರುತು ಹಾಕಿದೆ. ನನಗೆ ಈಗ 51 ವರ್ಷ. ಎಲ್ಲ ಕೂಡಿದಾಗ 25 ಬಂತು. 27ರ ಒಳಗೆ ಬಂದರೆ ಸಾಮರ್ಥ್ಯ ಕಳಪೆ ಎಂಬ ಗುಂಪು. 37 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಚೆನ್ನಾಗಿದೆ ಅಂತ. ನಾನು ಆ ಹಾಳೆ ಹಿಡಿದು, "ಹಾಗಾದ್ರೆ ನಾನು ಕೆಲಸಕ್ಕೆ ಬಾರದವಳಾ ಡಾಕ್ಟ್ರೇ?" ಅಂದೆ. ಅವರು ಹೇಳಿದ ಮಾತು ನಾನು ಮರೆಯುವುದಿಲ್ಲ. "ಈ ಅಂಕ ನಿಮ್ಮೊಬ್ಬರದಲ್ಲಮ್ಮಾ. ನಿಮ್ಮದೂ ನಿಮ್ಮ ಕೆಲಸದ್ದೂ ಸೇರಿ ಬಂದದ್ದು. ಕೆಲಸ ಬದಲಾದ್ರೆ ಅಂಕಾನೂ ಬದಲಾಗುತ್ತೆ."

ನನಗೆ 18 ದಿನ ರಜೆ ಕೊಟ್ಟಿದ್ದರು. ಕಡತ ಓದಿ ಓದಿ ಅಭ್ಯಾಸವಾದವಳು ನಾನು, ಮಗಳ ಸಹಾಯ ತಗೊಂಡು ಇದರ ಬಗ್ಗೆಯೂ ಓದಿದೆ. ಆ ಫಿನ್ಲೆಂಡಿನವರು 1981ರಿಂದ 11 ವರ್ಷ ಕಾಲ 6 ಸಾವಿರಕ್ಕೂ ಹೆಚ್ಚು ನಗರಾಡಳಿತದ ನೌಕರರನ್ನು ಹಿಂಬಾಲಿಸಿ ನೋಡಿದ್ದರು. ವಯಸ್ಸಾದಂತೆ ಎಲ್ಲರ ಸಾಮರ್ಥ್ಯವೂ ಒಂದೇ ರೀತಿ ಇಳಿಯಲಿಲ್ಲವಂತೆ. ಕೆಲವರದು ಏರಿದ್ದೂ ಇದೆ. ಮೇಲಿನವರು ನಡೆಸಿಕೊಳ್ಳುವ ರೀತಿ ಸುಧಾರಿಸಿದ ಕಡೆ ಸಾಮರ್ಥ್ಯ ಏರಿತ್ತು. ಮಾಡಿದ ಕೆಲಸಕ್ಕೆ ಮನ್ನಣೆ, ಗೌರವ ಕಡಿಮೆಯಾದ ಕಡೆ ಇಳಿದಿತ್ತು. ನಾನು ಈ ಸಾಲುಗಳನ್ನು ಎರಡು ಸಲ ಓದಿದೆ. ಔಷಧಿಯ ವಿಷಯ ಅಲ್ಲ ಇದು, ಸಂಬಳದ್ದೂ ಅಲ್ಲ. ಒಬ್ಬ ಅಧಿಕಾರಿ ತನ್ನ ಕೈಕೆಳಗಿನವರ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದು ಆರೋಗ್ಯದ ಲೆಕ್ಕದಲ್ಲಿ ಬರುತ್ತದೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮಾಡಿದ ಇನ್ನೊಂದು ಅಧ್ಯಯನ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ವೈಟ್‌ಹಾಲ್ ಅಧ್ಯಯನ ಅನ್ನುತ್ತಾರೆ. ಅದರ ಎರಡನೆಯ ಸುತ್ತು 1985ರಲ್ಲಿ ಶುರುವಾಯಿತು, 10,308 ಜನ. ಎಲ್ಲರೂ ಕಚೇರಿಯಲ್ಲಿ ಕೂತು ಕೆಲಸ ಮಾಡುವವರು. ಕಲ್ಲು ಹೊರುವವರಲ್ಲ, ಗಣಿಗೆ ಇಳಿಯುವವರಲ್ಲ. ಅದನ್ನು ನಡೆಸಿದ ಮೈಕೆಲ್ ಮಾರ್ಮಟ್ ಮತ್ತು ಅವರ ಜೊತೆಗಾರರು ಕಂಡದ್ದು ಏನೆಂದರೆ, ಹುದ್ದೆಯಲ್ಲಿ ಕೆಳಗಿದ್ದಷ್ಟೂ ಹೃದಯದ ಕಾಯಿಲೆ ಜಾಸ್ತಿ. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ತನ್ನ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದಿರುವುದು. ಎಷ್ಟು ಮಾಡಬೇಕು, ಯಾವಾಗ ಮಾಡಬೇಕು, ಯಾವುದು ಮೊದಲು, ಇದರಲ್ಲಿ ಯಾವುದನ್ನೂ ತಾನು ತೀರ್ಮಾನಿಸಲಾಗದಿರುವುದು. ದೊಡ್ಡ ಅಧಿಕಾರಿಗೂ ಕೆಲಸ ಜಾಸ್ತಿಯೇ. ಆದರೆ ಅವರು ಒಂದು ಸಭೆಯನ್ನು ಮುಂದೆ ಹಾಕಬಲ್ಲರು. ನಾಳೆಯ ಪಟ್ಟಿಯಲ್ಲಿ ಎಷ್ಟು ಕೇಸು ಬರಬೇಕು ಅಂತ ಬೆಂಚ್ ಕ್ಲರ್ಕ್ ಹೇಳುವ ಹಾಗಿದೆಯಾ? ಆದರೆ ಅದರಲ್ಲಿ ಒಂದು ತಾರೀಖು ತಪ್ಪಿದರೆ ನೋಟಿಸ್ ಬರುವುದು ಬೆಂಚ್ ಕ್ಲರ್ಕ್‌ಗೆ.

ನನ್ನ ಕಷ್ಟವನ್ನೇ ಇಷ್ಟು ಬರೆದೆ. ನಿಜವಾಗಿ ನಾನು ಈ ಪತ್ರಕ್ಕೆ ಕೂತದ್ದು ನಮ್ಮ ಸ್ಟೆನೋ ಒಬ್ಬರಿಗಾಗಿ.

ನಮ್ಮಲ್ಲಿ ಸಾಕ್ಷಿಯ ಹೇಳಿಕೆಯನ್ನು ಸಾಕ್ಷಿಯೇ ಹೇಳಿದ ಹಾಗೆ ಟೈಪ್ ಮಾಡಬೇಕು. 'ಅವಳು ಹೀಗೆಂದಳು' ಅಂತ ಅಲ್ಲ, 'ನಾನು' ಅಂತಲೇ ಟೈಪ್ ಆಗಬೇಕು. ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳು ಬಾಗಿಲು ಹಾಕಿ ನಡೆಯುತ್ತವೆ. ಒಳಗೆ ಇರುವವರು ಕೆಲವೇ ಜನ. ಆ ಕೆಲವರಲ್ಲಿ ಸ್ಟೆನೋ ಒಬ್ಬರು. ಮಗು ಹೇಳುತ್ತದೆ, ನ್ಯಾಯಾಧೀಶರು ಅದನ್ನು ಬರೆಸುತ್ತಾರೆ, ಇವರ ಬೆರಳು ಓಡುತ್ತದೆ. 'ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನನಗೆ ಹೀಗೆ ಮಾಡಿದರು. ನಾನು ಅತ್ತೆ' ಅಂತ. ಬೇರೆ ಯಾರಾದರೂ ಕೇಳಲಾರದೆ ಮುಖ ತಿರುಗಿಸಬಹುದು. ಸ್ಟೆನೋ ತಿರುಗಿಸುವಂತಿಲ್ಲ. ಒಂದು ಪದ ಬಿಟ್ಟುಹೋದರೆ ಮುಂದೆ ಮೇಲ್ಮನವಿಯಲ್ಲಿ ಅದೇ ದೊಡ್ಡ ವಿಷಯ ಆಗಬಹುದು. ಆಮೇಲೆ ಸಂಜೆ ಕೂತು ತಪ್ಪು ಹುಡುಕಲು ಇಡೀ ಹೇಳಿಕೆಯನ್ನು ಮತ್ತೊಮ್ಮೆ ಓದಬೇಕು. ನ್ಯಾಯಾಧೀಶರು ಕೇಳಿದ್ದು ಒಂದು ಸಲವಾದರೆ ಇವರಿಗೆ ಅದು ಮೂರು ಸಲ: ಕೇಳಿ, ಬರೆದು, ಓದಿ.

ಒಂದು ದಿನ ಅವರು ನನ್ನ ಹತ್ತಿರ ಬಂದು, "ಅಕ್ಕಾ, ಮಗಳಿಗೆ ಸ್ನಾನ ಮಾಡಿಸೋಕೆ ಆಗ್ತಿಲ್ಲ" ಅಂದರು. ಅವರ ಮಗಳಿಗೆ ಆಗ ಐದು ವರ್ಷ. ಮಗುವನ್ನು ನೋಡಿದರೆ ಟೈಪ್ ಮಾಡಿದ ಸಾಲುಗಳು ಬರುತ್ತವಂತೆ. ಗಂಡನ ಹತ್ತಿರವೂ ಹೇಳುವ ಹಾಗಿಲ್ಲ. ಒಳಗೆ ಕೇಳಿದ್ದು ಹೊರಗೆ ಹೇಳಬಾರದು, ಅದು ನಮ್ಮ ಕೆಲಸದ ನಿಯಮ, ಸರಿಯಾದ ನಿಯಮ. ಆದರೆ ಹೊರಗೆ ಹೇಳಬಾರದು ಅಂದಮೇಲೆ ಒಳಗೆ ಹೇಳಿಕೊಳ್ಳಲು ಒಬ್ಬರಾದರೂ ಬೇಕಲ್ಲವಾ? ಯಾರೂ ಇಲ್ಲ. ಒಬ್ಬ ಅಕ್ಕ ಇದ್ದೆ, ನನಗೂ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಕೈ ಹಿಡಿದು ಕೂತೆ.

ಇದು ಅವರ ಮನಸ್ಸಿನ ದೌರ್ಬಲ್ಯ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬೇರೆಯವರ ನೋವನ್ನು ದಿನವೂ ಕೇಳುವವರಿಗೆ ಅದೇ ನೋವು ತಗಲಬಹುದು ಅನ್ನುವುದನ್ನು ಮನಃಶಾಸ್ತ್ರಜ್ಞರು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಹೇಳುತ್ತಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯದ ಕೈಪಿಡಿ ಇದನ್ನು ಸ್ಪಷ್ಟವಾಗಿ ಸೇರಿಸಿದೆ. ಘಟನೆ ತನಗೇ ಆಗಿರಬೇಕಿಲ್ಲ, ಕಣ್ಣಿಂದ ನೋಡಿರಲೂ ಬೇಕಿಲ್ಲ. ಕೆಲಸದ ಭಾಗವಾಗಿ ಅದರ ಭೀಕರ ವಿವರಗಳನ್ನು ಮತ್ತೆ ಮತ್ತೆ ಎದುರಿಸಬೇಕಾದರೂ ಆಘಾತದ ಕಾಯಿಲೆ ಬರಬಹುದು. ಮಕ್ಕಳ ಮೇಲಿನ ದೌರ್ಜನ್ಯದ ವಿವರ ಕೇಳಬೇಕಾದ ಪೊಲೀಸರನ್ನು ಅದು ಉದಾಹರಣೆಯಾಗಿ ಕೊಡುತ್ತದೆ. ಆ ಪೊಲೀಸರು ಬರೆದ ವರದಿ, ಆಸ್ಪತ್ರೆಯ ವರದಿ, ಫೋಟೊಗಳು, ಮಗುವಿನ ಹೇಳಿಕೆ, ಎಲ್ಲ ಕೊನೆಗೆ ಬಂದು ಸೇರುವುದು ನಮ್ಮ ಕಡತಕ್ಕೆ. ಪುಟ ಸಂಖ್ಯೆ ಹಾಕುವವರೂ ನಾವೇ.

ಕೌಂಟರಿನಲ್ಲಿ ಕೂತವರ ಕಥೆ ಬೇರೆ. ಪ್ರತಿಯೊಬ್ಬರ ಸಿಟ್ಟಿಗೂ ಮೊದಲು ಸಿಗುವ ಮುಖ ಅವರದು. ಸಮನ್ಸ್ ಜಾರಿ ಮಾಡಲು ಹೋಗುವ ಅಮೀನರ ಮೇಲೆ ನಾಯಿ ಬಿಡುವವರಿದ್ದಾರೆ. ಮನೆ ಖಾಲಿ ಮಾಡಿಸುವ ಆದೇಶ ಹಿಡಿದು ಹೋದಾಗ ಆ ಮನೆಯ ಮುದುಕಿ ಹಾಕುವ ಶಾಪ ಆದೇಶ ಬರೆದವರಿಗೆ ಕೇಳಿಸುವುದಿಲ್ಲ, ಬಾಗಿಲಲ್ಲಿ ನಿಂತವರಿಗೆ ಕೇಳಿಸುತ್ತದೆ. ರೆಕಾರ್ಡ್ ರೂಮಿನ ದೂಳಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ದಮ್ಮು ಬಂದವರನ್ನು ನಾನು ನೋಡಿದ್ದೇನೆ.

ಇವರೆಲ್ಲರಲ್ಲೂ ಕಾಲ ಕಳೆದಂತೆ ಒಂದು ಬದಲಾವಣೆ ಬರುತ್ತದೆ. ಜನರಿಗೆ ಅದು ಮಾತ್ರ ಕಾಣುತ್ತದೆ. ಕೋರ್ಟಿನವರಿಗೆ ಮನುಷ್ಯತ್ವ ಇಲ್ಲ, ಮುಖ ಕೊಟ್ಟು ಮಾತಾಡಲ್ಲ ಅಂತ ಬೈಯುತ್ತಾರೆ. ಬೈಗುಳದಲ್ಲಿ ನಿಜ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ಕಾಯಿಲೆಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಬಗ್ಗೆ ಬರೆದಿದ್ದಾರೆ. ಅದನ್ನು ಕಾಯಿಲೆ ಅಂತ ಕರೆದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿದ್ದಾರೆ. ಲಕ್ಷಣ ಮೂರು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ತಾತ್ಸಾರ ಬರುವುದು, ಕೆಲಸ ಕೈಗೆ ಹತ್ತದಿರುವುದು. ಆ ಎರಡನೆಯದೇ ಜನ ಕೌಂಟರಿನಲ್ಲಿ ಕಾಣುವ ಮುಖ. ನನ್ನಲ್ಲೂ ಅದು ಬಂದಿತ್ತು. ಆ ಜೀವನಾಂಶದ ಕೇಸಿನ ಹೆಣ್ಣುಮಗಳು ಬಂದು ಕೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಪಟ್ಟಿ ನೋಡ್ಕೊಂಡು ಬರಬೇಕಿತ್ತು" ಅಂತ. ತಪ್ಪು ನನ್ನದು ಅಂತ ಗೊತ್ತಾದದ್ದು ಆಮೇಲೆ. ಇಡೀ ಪತ್ರದಲ್ಲಿ ನನಗೆ ಅತಿ ನಾಚಿಕೆ ಆಗುವ ಮಾತು ಇದೇ.

2024ರ ಜುಲೈ 25ರಂದು ನೌರು ಎಂಬ ಪುಟ್ಟ ದ್ವೀಪ ದೇಶದಲ್ಲಿ ನ್ಯಾಯಾಧೀಶರ ಯೋಗಕ್ಷೇಮದ ಬಗ್ಗೆ ಒಂದು ಘೋಷಣೆ ಹೊರಬಂತು. ಮರುವರ್ಷ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಜುಲೈ 25ನ್ನು ನ್ಯಾಯಾಧೀಶರ ಯೋಗಕ್ಷೇಮದ ಅಂತರರಾಷ್ಟ್ರೀಯ ದಿನ ಅಂತ ಗುರುತಿಸಿತು. ನ್ಯಾಯಾಧೀಶರ ಒತ್ತಡ ದೌರ್ಬಲ್ಯವಲ್ಲ, ಅದಕ್ಕೆ ಕಳಂಕ ಹಚ್ಚಬಾರದು ಎಂಬ ಮಾತು ಆ ಘೋಷಣೆಯಲ್ಲಿ ಇದೆ. ಓದಿ ನನಗೆ ನಿಜವಾಗಿ ಸಂತೋಷವಾಯಿತು. ರಾತ್ರಿಯೆಲ್ಲ ತೀರ್ಪು ಬರೆದು ಬೆಳಗ್ಗೆ ಕೆಂಪು ಕಣ್ಣಿನಲ್ಲಿ ಪೀಠಕ್ಕೆ ಬರುವ ನ್ಯಾಯಾಧೀಶರನ್ನು ನಾನು ಮೂರು ಅಡಿ ದೂರದಿಂದ ನೋಡಿದ್ದೇನೆ. ಅವರ ಬಗ್ಗೆ ಹೇಳಿದ ಈ ಮಾತನ್ನೇ ಆ ಮೂರು ಅಡಿ ಕೆಳಗಿನವರಿಗೂ ಹೇಳಿ ಅಂತ ನನ್ನ ಕೋರಿಕೆ. ಅವರ ಒತ್ತಡ ನಮ್ಮ ಮೇಲೆ ಇಳಿಯುತ್ತದೆ, ನಮ್ಮ ತಪ್ಪು ಅವರ ಮೇಲೆ ಏರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಮಾಡಲು ಆಗುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಹೆಚ್ಚು ಜನ ಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಅದು ಬರುವಾಗ ಬರಲಿ. ಅದಕ್ಕೂ ಮೊದಲು, ಕೋರ್ಟ್ ನಡೆಯುವಾಗ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹತ್ತು ನಿಮಿಷ ಎಲ್ಲರೂ ಏಳಲಿ. ನ್ಯಾಯಾಧೀಶರೂ, ವಕೀಲರೂ, ನಾವೂ. ಪಟ್ಟಿಯಲ್ಲೇ ಅದನ್ನು ಅಚ್ಚು ಹಾಕಲಿ, ಆಗ ಯಾರೂ ಸಂಕೋಚಪಡಬೇಕಾಗಿಲ್ಲ. ಇದಕ್ಕೆ ಹೊಸ ಹುದ್ದೆ ಬೇಡ, ದುಡ್ಡು ಬೇಡ. ನಮ್ಮ ಹೆಣ್ಣುಮಕ್ಕಳು ನೀರು ಕುಡಿಯುತ್ತಾರೆ.

ಸ್ಟೆನೋಗಳ ವಿಷಯದಲ್ಲಿ ನಾನು ಬಿಗಿಯಾಗಿ ಹೇಳುತ್ತೇನೆ. ಮಕ್ಕಳ ಕೇಸುಗಳಿಗೆ ಒಬ್ಬರನ್ನೇ ವರ್ಷಗಟ್ಟಲೆ ಕೂರಿಸಬಾರದು. ಸರದಿ ಮಾಡಬೇಕು. ಕೋರ್ಟಿನ ಗುಟ್ಟು ಕಾಯುವ ಹೊಣೆ ಹೊತ್ತ ಒಬ್ಬ ಆಪ್ತಸಮಾಲೋಚಕರು ತಿಂಗಳಿಗೆ ಒಮ್ಮೆಯಾದರೂ ಬರಬೇಕು. ಬೇಕಾದವರು ಹೋಗಿ ಕೂರಲಿ, ಹೋದದ್ದು ಸೇವಾ ಪುಸ್ತಕದಲ್ಲಿ ದಾಖಲಾಗದಿರಲಿ. ದಾಖಲಾಗುತ್ತದೆ ಅಂದರೆ ಒಬ್ಬರೂ ಹೋಗುವುದಿಲ್ಲ.

ಆ ಏಳು ವಿಷಯಗಳ ಪ್ರಶ್ನಾವಳಿಯನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ಕೊಡಲಿ. ಹೆಸರು ಬೇಡ. ಯಾವ ವಿಭಾಗದ ಅಂಕ ಎಷ್ಟಿದೆ ಅಂತ ಗೊತ್ತಾದರೆ ಸಾಕು. ಒಂದು ವಿಭಾಗಕ್ಕೆ 40 ಬಂದು ಇನ್ನೊಂದಕ್ಕೆ 26 ಬಂದರೆ, ಅಲ್ಲಿ ಏನು ಬೇರೆ ಇದೆ ಅಂತ ಯಾರಾದರೂ ಹೋಗಿ ನೋಡಬಹುದಲ್ಲ. ಈಗ ಒಬ್ಬರು ಮೆಟ್ಟಿಲ ಮೇಲೆ ಬಿದ್ದ ಮೇಲೇ ಗೊತ್ತಾಗುವುದು.

ಇನ್ನೊಂದೇ ಒಂದು. ತಪ್ಪಾದಾಗ ಕಾರಣ ಕೇಳಿ ನೋಟಿಸ್ ಕೊಡಿ, ಬೇಡ ಅನ್ನುವುದಿಲ್ಲ. ಆ ನೋಟಿಸಿನಲ್ಲೇ ಎರಡು ಪ್ರಶ್ನೆ ಸೇರಿಸಿ. ಆ ದಿನ ಪಟ್ಟಿಯಲ್ಲಿ ಎಷ್ಟು ಕೇಸು ಇದ್ದವು? ಬೇರೆ ಯಾರ ಕೆಲಸ ನೋಡುತ್ತಿದ್ದಿರಿ? ಅಧಿಕೃತವಾಗಿ ಕೇಳಿದರೆ ನಾವು ಅಧಿಕೃತವಾಗಿ ಬರೆಯುತ್ತೇವೆ.

ರಜೆ ಮುಗಿಸಿ ಬಂದಮೇಲೆ ನನ್ನನ್ನು ಆರು ತಿಂಗಳು ಬೇರೆ ವಿಭಾಗಕ್ಕೆ ಹಾಕಿದ್ದರು. ಈಗ ಮತ್ತೆ ಪೀಠದ ಕೆಳಗೆ ಇದ್ದೇನೆ. ಬಿಪಿ ಮಾತ್ರೆ ನಡೆದಿದೆ. ನನ್ನ ಸ್ಟೆನೋ ತಂಗಿ ವರ್ಗಾವಣೆ ಕೇಳಿದ್ದಾರೆ, ಇನ್ನೂ ಸಿಕ್ಕಿಲ್ಲ. ಹೋದ ವಾರ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ನೋಟಿಸ್ ಬಂತು. ಒಂದು ಕಡತ ತಪ್ಪು ಕೋರ್ಟಿಗೆ ಹೋಗಿತ್ತು. ಅವನು ವಿವರಣೆ ಬರೆದುಕೊಂಡು ನನ್ನ ಹತ್ತಿರ ತಂದ. ಮೂರನೆಯ ಸಾಲಿನಲ್ಲಿ 'ಕೆಲಸದ ಒತ್ತಡದಿಂದ' ಅಂತ ಇತ್ತು. ಅದರ ಮೇಲೆ ಬೆರಳಿಟ್ಟು, "ಇದು ತೆಗೀಬೇಕಾ ಮೇಡಂ? ಎಲ್ಲರೂ ತೆಗಿ ಅಂತಿದ್ದಾರೆ" ಅಂದ. ನಾನು ಸ್ವಲ್ಪ ಹೊತ್ತು ಆ ಹಾಳೆ ನೋಡಿದೆ. "ಆ ದಿನ ಎಷ್ಟು ಕಡತ ಇದ್ವು?" ಅಂತ ಕೇಳಿದೆ. "140" ಅಂದ. ಅದನ್ನೂ ಬರಿ ಅಂದೆ. ಹಾಗೇ ಕೊಟ್ಟು ಬಂದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ನನ್ನ ಹೆಸರು, ಊರು ಹಾಕಬೇಡಿ.

ಇಂತಿ,
ಒಬ್ಬ ಬೆಂಚ್ ಕ್ಲರ್ಕ್